ಇಲಿ ಪಾರ್ಟೂ ಇಲ್ವಾ?

ಕಳೆದ ಬೇಸಿಗೆ ರಜೆಯಲ್ಲಿ ಚಳ್ಳಕೆರೆಯಲ್ಲಿ ಮಕ್ಕಳ ಹಾಡುನಾಟಕವೊಂದಕ್ಕೆ ಪಾತ್ರಗಳ ಆಯ್ಕೆ ನಡೆಯಿತು. ನಾಟಕ, ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯ ರಂಗರೂಪ. ಕಥೆ ಬರೆಯುವವನೆಂಬ ಕಾರಣಕ್ಕೆ ಆಯ್ಕೆ ಸಮಿತಿಯ ಮೂರು ಕುರ್ಚಿಗಳಲ್ಲಿ ಒಂದು ನನಗೆ ಸಿಕ್ಕಿತ್ತು. ಬಂದವರು ಅರವತ್ತಕ್ಕೂ ಹೆಚ್ಚು ಮಕ್ಕಳು, ಬೇಕಾದವರು ಮೂವತ್ತು. ಸಂಜೆ ಪಟ್ಟಿ ಅಂಟಿಸಿದಾಗ, ಮೊಳಕಾಲ್ಮೂರಿನಿಂದ ಅಪ್ಪನ ಜೊತೆ ಬೆಳಗಿನ ಬಸ್ಸಿಗೆ ಬಂದಿದ್ದ ನೇಕಾರರ ಮನೆಯ ಹುಡುಗಿಯೊಬ್ಬಳು ಅದನ್ನು ಮೇಲಿಂದ ಕೆಳಗೆ ಎರಡು ಸಲ ಓದಿ ನನ್ನ ಹತ್ತಿರ ಬಂದಳು.

“ಸಾರ್, ನಂಗೆ ಇಲಿ ಪಾರ್ಟೂ ಇಲ್ವಾ?”

ನನ್ನಲ್ಲಿ ಉತ್ತರವಿರಲಿಲ್ಲ. ಪಟ್ಟಿಯ ಕೆಳಗೆ ನನ್ನ ಸಹಿಯೂ ಇತ್ತು.

ನಾವು ಪರೀಕ್ಷಿಸಿದ್ದು ಹೀಗೆ. ಮಗು ಒಬ್ಬಂಟಿಯಾಗಿ ಬಂದು ಹಾರ್ಮೋನಿಯಂ ಪಕ್ಕ ನಿಂತು ಒಂದು ಹಾಡು ಹೇಳಬೇಕು. ಆಮೇಲೆ ಚೀಟಿಯಲ್ಲಿರುವ ನಾಲ್ಕು ಸಾಲಿನ ಮಾತು ಓದಬೇಕು. ಹತ್ತಕ್ಕೆ ಎಷ್ಟು ಎಂದು ನಾವು ಬರೆದುಕೊಳ್ಳಬೇಕು. ಹಾರ್ಮೋನಿಯಂ ಮೇಷ್ಟ್ರು ಬೆಳಗಿನಿಂದ ಒಂದೇ ಶ್ರುತಿಯಲ್ಲಿದ್ದರು. ಅದು ಅವರ ಗಂಟಲಿಗೆ ಹೊಂದುವ ಶ್ರುತಿ. ಮೊಳಕಾಲ್ಮೂರಿನ ಹುಡುಗಿ ಮೇಲಿನ ಸ್ವರಕ್ಕೆ ಹತ್ತಲಾಗದೆ ನಡುವೆಯೇ ನಿಂತಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಗು ಗಾಬರಿಯಲ್ಲಿ ಚೀಟಿಯ ಮಾತನ್ನೂ ತಡವರಿಸಿದಳು. ಹಾರ್ಮೋನಿಯಂ ಮನೆ ಬದಲಿಸಲು ಅರೆಗಳಿಗೆ ಸಾಕು, ಎಂಟು ವರ್ಷದ ಗಂಟಲು ಹಾಗೆ ಬದಲಾಗುವುದಿಲ್ಲ. ಇದು ಆಗ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಇನ್ನೊಬ್ಬ ಉರ್ದು ಶಾಲೆಯ ಐದನೆಯ ತರಗತಿಯ ಹುಡುಗ. ಮೀಲಾದ್ ಸಭೆಯಲ್ಲಿ ಹಾಡಿದ ನಾತ್ ಒಂದನ್ನು ಹಾರ್ಮೋನಿಯಂ ಇಲ್ಲದೆಯೇ ಹಾಡಿದ. ಹೊರಗೆ ಗಲಾಟೆ ಮಾಡುತ್ತಿದ್ದ ಮಕ್ಕಳು ಸುಮ್ಮನಾದರು. ಆದರೆ ಚೀಟಿ ಕೊಟ್ಟಾಗ ‘ಬೆಟ್ಟದೊಳಗೆ’ ಎನ್ನುವುದು ಅವನ ಬಾಯಲ್ಲಿ ‘ಬೆಟ್ಟದೊಲಗೆ’ ಆಯಿತು. ಯಾರೋ ನಕ್ಕರು. ನಾನು ನಾಲ್ಕು ಅಂಕ ಬರೆದೆ. ಉರ್ದು ಶಾಲೆಯಿಂದ ಕನ್ನಡ ಹೈಸ್ಕೂಲಿಗೆ ಹೋದ ವರ್ಷ ಇದೇ ಳಕಾರಕ್ಕೆ ತರಗತಿಯೆಲ್ಲ ನನ್ನನ್ನು ನೋಡಿ ನಕ್ಕಿತ್ತು. ಅದನ್ನು ಮರೆತವನ ಹಾಗೆ ಬರೆದೆ. ಮನೆಗೆ ಬಂದ ಮೇಲೆ ನೆನಪಾಯಿತು: ಇಲಿ ಎನ್ನಲು ಬೇಕಾದದ್ದು ಲಕಾರವೇ.

ಈ ಪದ್ಧತಿ ನಮ್ಮ ಸೀಮೆಯದಲ್ಲ, ಟಿ.ವಿ.ಯಿಂದ ಬಂದದ್ದು. ಸಂಗೀತ ಸ್ಪರ್ಧೆಗಳೂ 2016ರಲ್ಲಿ ಶುರುವಾದ ‘ಡ್ರಾಮಾ ಜೂನಿಯರ್ಸ್’ನಂಥ ಕಾರ್ಯಕ್ರಮಗಳೂ ತೀರ್ಪುಗಾರರ ಕುರ್ಚಿಯನ್ನು ಊರೂರಿಗೆ ತಂದು ಹಾಕಿವೆ. ಟಿ.ವಿ.ಗೆ ಬೇಕಾದದ್ದು ಗೆಲ್ಲುವ ಮಗು. ಊರಿನ ಮಕ್ಕಳ ನಾಟಕಕ್ಕೆ ಬೇಕಾದದ್ದು ಮಕ್ಕಳ ಗುಂಪು. ಒಂದರ ಅಳತೆಗೋಲು ಇನ್ನೊಂದಕ್ಕೆ ಹೊಂದುವುದಿಲ್ಲ.

ಹಿಂದೆಯೂ ಆಯ್ಕೆ ಇತ್ತು. ವೃತ್ತಿ ಕಂಪನಿಗಳು ಕಂಠ ನೋಡಿಯೇ ಹುಡುಗರನ್ನು ಸೇರಿಸಿಕೊಳ್ಳುತ್ತಿದ್ದವು. ಪ್ರಹ್ಲಾದ, ಲೋಹಿತಾಶ್ವ ಪಾತ್ರಗಳಿಗೆ ಏರುದನಿ ಬೇಕಿತ್ತು. ಗಂಟಲು ಒಡೆದ ದಿನ ಆ ಪಾತ್ರ ಕೈಬಿಡುತ್ತಿತ್ತು. ಆದರೂ ಕಂಪನಿ ಮನೆಯಲ್ಲಿ ಹುಡುಗನಿಗೆ ಕಲಿಯಲು ಕಾಲಾವಕಾಶವಿತ್ತು. ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದ ಬಿ.ವಿ. ಕಾರಂತರು ಮುಂದೆ ಕನ್ನಡ ರಂಗಸಂಗೀತದ ದಾರಿಯನ್ನೇ ಬದಲಿಸಿದರು. ಒಂದೇ ಕಂಠದ ಮೆರವಣಿಗೆಗಿಂತ ಮೇಳದ ದನಿ ಅವರಿಗೆ ಹೆಚ್ಚಿನದಾಗಿತ್ತು. ಟಾಗೋರರ ಗಿಣಿಯ ಕಥೆಯಿಂದ ಅವರು ಮಾಡಿದ ಮಕ್ಕಳ ನಾಟಕ ‘ಪಂಜರಶಾಲೆ’ಯಲ್ಲಿ, ವಿದ್ಯೆ ಕಲಿಸುವ ಭರದಲ್ಲಿ ದೊಡ್ಡವರು ಗಿಣಿಯನ್ನೇ ಕೊಲ್ಲುತ್ತಾರೆ. ಅದನ್ನು ನೋಡಿ ಚಪ್ಪಾಳೆ ತಟ್ಟಿದ ನಾವೇ ಮಕ್ಕಳಿಗೆ ಅಂಕ ಹಾಕಲು ಕೂತಿದ್ದೆವು.

ನಮ್ಮ ಸೀಮೆಯಲ್ಲಿಯೇ ಬೇರೆ ದಾರಿ ಇದೆ. ಬಯಲಾಟದಲ್ಲಿ ಭಾಗವತರ ಪದದ ಕೊನೆಯನ್ನು ಹಿಮ್ಮೇಳ ಎತ್ತಿಕೊಳ್ಳುತ್ತದೆ; ಒಬ್ಬನ ಉಸಿರು ಸಾಲದಿದ್ದಲ್ಲಿ ಇನ್ನೊಬ್ಬನದು ಸೇರುತ್ತದೆ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಪದಗಳನ್ನು ಎದೆಯಲ್ಲಿ ಇಟ್ಟುಕೊಂಡಿದ್ದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಬಾಲಕಿ ಸಿರಿ ನಮ್ಮ ಮೇಜಿನ ಮುಂದೆ ಬಂದು ನಿಂತು ಚೀಟಿ ಓದಬೇಕಾಗಿದ್ದರೆ ನಾವು ಎಷ್ಟು ಅಂಕ ಕೊಡುತ್ತಿದ್ದೆವು?

ನಿರ್ದೇಶಕರ ಕಷ್ಟವನ್ನೂ ಹೇಳಬೇಕು. ವೇದಿಕೆ ಚಿಕ್ಕದು, ವೇಷಭೂಷಣಕ್ಕೆ ಹಣ ಕಡಿಮೆ, ತಾಲೀಮಿಗೆ ಇರುವುದು ಮೂರು ವಾರ. “ಎಲ್ಲರನ್ನೂ ಹತ್ತಿಸಿದರೆ ಅದು ನಾಟಕವಲ್ಲ ಸಾರ್, ಶಾಲೆಯ ಪ್ರಾರ್ಥನೆ” ಎಂದರು ಅವರು. ಮಾತಿನಲ್ಲಿ ಹುರುಳಿದೆ. ಜೋಗಿಯ ಪಾತ್ರಕ್ಕೆ ತಕ್ಕವನನ್ನು ಆರಿಸಲೇಬೇಕು. ನನ್ನ ತಕರಾರು ಪಾತ್ರದ ಆಯ್ಕೆಯ ಬಗ್ಗೆ ಅಲ್ಲ, ಬಾಗಿಲಲ್ಲೇ ತಡೆಯುವುದರ ಬಗ್ಗೆ. ಇಲಿಗಳ ದಂಡು, ಊರ ಮಕ್ಕಳ ದಂಡು ಎರಡೂ ಇರುವ ಈ ನಾಟಕದಲ್ಲಿ ಮೂವತ್ತು ಜನರ ಎರಡು ತಂಡ ಮಾಡಿ ಎರಡು ದಿನ ಆಡಬಹುದಿತ್ತು. ಒಬ್ಬೊಬ್ಬರನ್ನೇ ನಿಲ್ಲಿಸುವ ಬದಲು ಹತ್ತು ಹತ್ತು ಮಕ್ಕಳಿಗೆ ಒಂದು ಹೊಸ ಪದ ಕಲಿಸಿ, ಯಾರು ಬೇಗ ಕಲಿಯುತ್ತಾರೆ, ಯಾರು ಪಕ್ಕದವರ ದನಿ ಕೇಳಿಸಿಕೊಂಡು ಹಾಡುತ್ತಾರೆ ಎಂದು ನೋಡಬಹುದಿತ್ತು. ಹಾಡುನಾಟಕಕ್ಕೆ ಬೇಕಾದ ಮೊದಲ ಗುಣ ಕಿವಿ. ನಾವು ಕಂಠವನ್ನಷ್ಟೇ ಪರೀಕ್ಷಿಸಿದೆವು.

ನಮ್ಮ ಮನೆಯ ಮಾತೂ ಇದೆ. ಅಂದು ಬಂದ ಮುಸ್ಲಿಂ ಮಕ್ಕಳು ಐವರು, ಐವರೂ ಹುಡುಗರು. ನಾಟಕದ ಹಾಡಿನ ಬಗ್ಗೆ ನಮ್ಮಲ್ಲಿ ಭಿನ್ನ ಅಭಿಪ್ರಾಯಗಳಿವೆ. ಅವರವರ ನಿಲುವು ಅವರವರಿಗೆ ಇರಲಿ. ಆದರೆ ಮನೆಯಲ್ಲಿ ನಾತ್ ಹಾಡುವ ಮಗಳ ದನಿಗೆ ಮೆಚ್ಚಿ ತಲೆದೂಗುವ ತಂದೆ, ಅವಳು ನಾಲ್ಕು ಜನರ ಮುಂದೆ ಕನ್ನಡದಲ್ಲಿ ಎರಡು ಮಾತು ಧೈರ್ಯವಾಗಿ ಆಡುವುದು ಎಲ್ಲಿ ಎಂದು ಯೋಚಿಸಬೇಕು. ಸಮಿತಿಯ ಪಟ್ಟಿಯಲ್ಲಿ ಬಿಟ್ಟುಹೋದ ಹೆಸರು ಕಾಣುತ್ತದೆ. ಮನೆಯಿಂದಲೇ ಹೊರಡದ ಮಗುವಿನ ಹೆಸರು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ.

ಕಿಂದರಿಜೋಗಿ ಯಾರನ್ನೂ ಪರೀಕ್ಷಿಸಲಿಲ್ಲ. ಅವನು ನುಡಿಸಿದ, ಇಲಿಗಳೆಲ್ಲ ಬಂದವು, ಮಕ್ಕಳೂ ಬಂದರು. ಕುವೆಂಪು ಅವರಿಗೆ ಪ್ರೇರಣೆಯಾದ ಬ್ರೌನಿಂಗ್‌ನ ಪದ್ಯದಲ್ಲಿ ಬೆಟ್ಟದ ಬಾಗಿಲು ಮುಚ್ಚುವ ಹೊತ್ತಿಗೆ ಕುಂಟ ಹುಡುಗನೊಬ್ಬ ಹಿಂದುಳಿಯುತ್ತಾನೆ. ಗೆಳೆಯರು ಹೋದ ಲೋಕವನ್ನು ನೆನೆದು ಬದುಕಿಡೀ ಕೊರಗುತ್ತಾನೆ. ಚಳ್ಳಕೆರೆಯಲ್ಲಿ ಬಾಗಿಲು ಮುಚ್ಚಿದವರು ನಾವು, ಹೊರಗೆ ಉಳಿದವರು ಮೂವತ್ತಕ್ಕೂ ಹೆಚ್ಚು ಮಕ್ಕಳು.

ನಾಟಕ ಚೆನ್ನಾಗಿಯೇ ಆಯಿತು. ಜೋಗಿಯಾದ ಹುಡುಗ ಸೊಗಸಾಗಿ ಹಾಡಿದ, ಜನ ಮೆಚ್ಚಿದರು. ಇಲಿಗಳು ಬಂದಾಗ ಮಾತ್ರ ನಾನು ಎಣಿಸತೊಡಗಿದೆ. ಹನ್ನೆರಡಿದ್ದವು. ವೇದಿಕೆಯಲ್ಲಿ ಇನ್ನೂ ಜಾಗವಿತ್ತು.