ಪುಸ್ತಕಕ್ಕೆ ರಹದಾರಿ, ಫ್ಲಾಪಿಗೆ ತಡೆ

ಅಮೆರಿಕದ ಎಂಐಟಿ ಪ್ರೆಸ್ 1995ರಲ್ಲಿ ಒಂದು ವಿಚಿತ್ರ ಪುಸ್ತಕ ಪ್ರಕಟಿಸಿತು. ಬರೆದವರು ಫಿಲ್ ಝಿಮ್ಮರ್‌ಮನ್. ಒಂಬೈನೂರಕ್ಕೂ ಹೆಚ್ಚು ಪುಟ. ತುಂಬ ಇರುವುದು ಪತ್ರಗಳನ್ನು ಗೂಢಲಿಪಿಗೆ ತಿರುಗಿಸುವ ಪಿಜಿಪಿ ಎಂಬ ತಂತ್ರಾಂಶದ ಸಾಲುಗಳು. ಸಾಹಿತ್ಯವೆಂದು ಓದಲು ಕೂತರೆ ಇದಕ್ಕಿಂತ ನೀರಸವಾದದ್ದಿಲ್ಲ. ಆದರೂ ಕಳೆದ ಶತಮಾನದ ಒಳ್ಳೆಯ ವಿಡಂಬನೆಗಳ ಸಾಲಿನಲ್ಲಿ ನಾವು ಇದನ್ನು ಇಡುತ್ತೇವೆ.

ಆಗ ಅಮೆರಿಕದ ಕಾನೂನು ಬಲವಾದ ಗೂಢಲಿಪಿಯನ್ನು ಮದ್ದುಗುಂಡುಗಳ ಪಟ್ಟಿಯಲ್ಲಿ ಇರಿಸಿತ್ತು. 1991ರಲ್ಲಿ ಬಿಡುಗಡೆಯಾದ ಪಿಜಿಪಿ ಅಂತರ್ಜಾಲದಲ್ಲಿ ಗಡಿ ದಾಟಿದ್ದಕ್ಕೆ ಝಿಮ್ಮರ್‌ಮನ್ ಮೇಲೆ 1993ರಿಂದ ತನಿಖೆ ನಡೆಯಿತು. 1996ರ ಜನವರಿಯಲ್ಲಿ ಮೊಕದ್ದಮೆ ಹೂಡದೆ ಕೈಬಿಟ್ಟರು. ಅದೇ ಸಾಲುಗಳು ಫ್ಲಾಪಿಯಲ್ಲಿ ಹೋದರೆ ಶಸ್ತ್ರ, ಕಾಗದದಲ್ಲಿ ಹೋದರೆ ಪುಸ್ತಕ! 1997ರಲ್ಲಂತೂ ಮುಂದಿನ ಆವೃತ್ತಿಯ ಸಾವಿರಾರು ಪುಟಗಳನ್ನು ಅಚ್ಚು ಹಾಕಿಸಿ ಯುರೋಪಿಗೆ ಒಯ್ದು, ಸ್ಕ್ಯಾನ್ ಮಾಡಿ, ತಪ್ಪು ತಿದ್ದಿ, ಮತ್ತೆ ತಂತ್ರಾಂಶ ಮಾಡಿದರು. ಸವದತ್ತಿಯ ಸಂತೆಯಲ್ಲಿ ಉರ್ದು ಮಾತು ತಿಳಿಯುವ ಎಷ್ಟೋ ಜನರಿಗೆ ಅದೇ ಮಾತು ಬರಹದಲ್ಲಿ ಬೀಗ ಹಾಕಿದ ಪೆಟ್ಟಿಗೆ. ಹಾಗೆಂದು ಆ ಲಿಪಿಯನ್ನು ಯಾರೂ ಬಂದೂಕು ಎನ್ನುವುದಿಲ್ಲ.

ವ್ಯಾಪಾರಕ್ಕೆ ಬಿದ್ದ ಪೆಟ್ಟು ಸಣ್ಣದಲ್ಲ. ನೆಟ್‌ಸ್ಕೇಪ್ ಒಂದೇ ಬ್ರೌಸರನ್ನು ಎರಡು ಮಾಡಿತು: ಸ್ವದೇಶಕ್ಕೆ 128 ಬಿಟ್ ಬೀಗ, ಹೊರಗಿನವರಿಗೆ 40 ಬಿಟ್. ಆ 40 ಬಿಟ್ ಬೀಗವನ್ನು 1995ರಲ್ಲಿ ಫ್ರಾನ್ಸಿನಲ್ಲಿ ಎಂಟು ದಿನದಲ್ಲಿ ಮುರಿದರು. ನಮ್ಮವರೇನು ಕಡಿಮೆ? ಅಂತರ್ಜಾಲ ಪರವಾನಗಿಯ ಷರತ್ತು 40 ಬಿಟ್ ಮೀರಲು ಅನುಮತಿ ಬೇಕೆಂದಿತು; ರಿಸರ್ವ್ ಬ್ಯಾಂಕು 2001ರಲ್ಲಿ ಬ್ಯಾಂಕುಗಳಿಗೆ ಕನಿಷ್ಠ 128 ಬಿಟ್ ಇರಲಿ ಎಂದಿತು.

2000ದಲ್ಲಿ ಅಮೆರಿಕ ಹಗ್ಗ ಸಡಿಲಿಸಿತು, ಬಿಡಲಿಲ್ಲ. ಬೈಲಹೊಂಗಲದ ಹತ್ತಿ ವ್ಯಾಪಾರಕ್ಕೋ ರಾಮದುರ್ಗದ ನೇಕಾರರಿಗೋ ಹುಡುಗಿಯೊಬ್ಬಳು ಲೆಕ್ಕದ ಆ್ಯಪ್ ಬರೆದಳೆನ್ನಿ. ಆಪಲ್ ಅಂಗಡಿಗೆ ಹಾಕುವಾಗ, ನಿನ್ನ ಆ್ಯಪಿನಲ್ಲಿ ಗೂಢಲಿಪಿ ಇದೆಯೇ ಎಂಬ ಪ್ರಶ್ನೆ ಎದುರಾಗುತ್ತದೆ. ಕಡತ ಅಮೆರಿಕದ ಸರ್ವರಿಗೆ ಹೋಗುವುದರಿಂದ ಅಲ್ಲಿಯ ರಫ್ತು ಕಾನೂನು ಅನ್ವಯ. ಸುರಕ್ಷಿತ ಜಾಲಸಂಪರ್ಕವೂ ಗೂಢಲಿಪಿಯೇ. ಬಹಳಷ್ಟಕ್ಕೆ ವಿನಾಯಿತಿ ಉಂಟು, ತನ್ನದು ಅದರಲ್ಲಿದೆಯೇ ಎಂದು ಅವಳೇ ತೀರ್ಮಾನಿಸಬೇಕು. 2017ರಿಂದ ಭಾರತದ ಸ್ಕೊಮೆಟ್ ರಫ್ತು ಪಟ್ಟಿಯಲ್ಲಿಯೂ ಮಾಹಿತಿ ಸುರಕ್ಷತೆ ಸೇರಿದೆ.

ಝಿಮ್ಮರ್‌ಮನ್ ಪುಸ್ತಕದ ಜಾಣತನ ಮೆಚ್ಚುತ್ತಲೇ ನಮಗೊಂದು ತಕರಾರು ಇದೆ. ಆ ಜಾಣತನಕ್ಕೆ ಹೆಸರಾಂತ ವಿಶ್ವವಿದ್ಯಾಲಯದ ಪ್ರಕಾಶನವೊಂದು ಬೆನ್ನಿಗಿತ್ತು. ದೊಡ್ಡ ಕಂಪನಿಗಳಿಗೆ ವಕೀಲರ ಪಡೆಯೇ ಇರುತ್ತದೆ. ಇವಳ ಮುಂದಿರುವುದು ಇಂಗ್ಲಿಷಿನ ಆ ನಮೂನೆ ಮಾತ್ರ.