ಕಿಸಾನ್ ಮಜ್ದೂರ್ ಪ್ರಜಾ ಪಕ್ಷ: ಒಂದು ಹೆಸರಿನ ವಿಮರ್ಶೆ

ರಾಜಕೀಯ ಪಕ್ಷಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗೆದ್ದವರ ಬೆನ್ನು ಹಿಡಿಯುತ್ತಾರೆ. ಅಲ್ಪಾಯುಷಿಗಳಾದ ಪಕ್ಷಗಳಿಗೆ ಅಡಿಟಿಪ್ಪಣಿಯೇ ಗತಿ. ಸುಮಾರು ಹದಿನೈದು ತಿಂಗಳು ಮಾತ್ರ ಬಾಳಿದ ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಒದಗಿರುವುದೂ ಇದೇ. ಆ ಪಕ್ಷವನ್ನು ಅದು ಧರಿಸಿದ ಹೆಸರಿನಿಂದಲೇ ಅಳೆದು ನೋಡುವುದು, ಅದಕ್ಕೆ ಚಾಮರಾಜನಗರ–ಗುಂಡ್ಲುಪೇಟೆಗಳ ನೆಲವನ್ನು ಒರೆಗಲ್ಲಾಗಿ ಇಟ್ಟುಕೊಳ್ಳುವುದು ಪ್ರಕೃತ ಲೇಖನದ ಉದ್ದೇಶ.

ಕಾಂಗ್ರೆಸ್ಸನ್ನು ತೊರೆದ ಆಚಾರ್ಯ ಕೃಪಲಾನಿಯವರು 1951ರ ಜೂನ್‌ನಲ್ಲಿ ಪಾಟ್ನಾದಲ್ಲಿ ಈ ಪಕ್ಷವನ್ನು ಸ್ಥಾಪಿಸಿದರು. ಗುಡಿಸಲು ಅದರ ಚಿಹ್ನೆ. ಮೊದಲ ಮಹಾಚುನಾವಣೆಯಲ್ಲಿ ಲೋಕಸಭೆಗೆ 9 ಮಂದಿ ಆಯ್ಕೆಯಾದರು. ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 74, ಇದಕ್ಕೆ 8 ದೊರೆತವು. ಚಾಮರಾಜನಗರ, ಗುಂಡ್ಲುಪೇಟೆಗಳು ಆಗ ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಮೈಸೂರು ಲೋಕಸಭಾ ದ್ವಿಸದಸ್ಯ ಕ್ಷೇತ್ರದಿಂದ ಈ ಪಕ್ಷದ ಎಂ. ಎಸ್. ಗುರುಪಾದಸ್ವಾಮಿಯವರು ಗೆದ್ದರು. 1952ರ ಸೆಪ್ಟೆಂಬರಿನಲ್ಲಿ ಪಕ್ಷವು ಸಮಾಜವಾದಿಗಳೊಡನೆ ಕೂಡಿ ಪ್ರಜಾ ಸೋಷಲಿಸ್ಟ್ ಪಕ್ಷವಾಯಿತು. ಹೊಸ ಹೆಸರಿನಲ್ಲಿ ಪ್ರಜೆ ಉಳಿದನು. ಕಿಸಾನನೂ ಮಜ್ದೂರನೂ ಜಾರಿಹೋದರು.

ಆದರೆ ಅವರಿಬ್ಬರು ಜೊತೆಯಾಗಿ ನಿಂತಿದ್ದಾದರೂ ಎಲ್ಲಿ? ಗುಂಡ್ಲುಪೇಟೆ ಮಳೆಯ ನೆರಳಿನ ಸೀಮೆ. ರಾಗಿ, ಜೋಳ, ಹುರುಳಿಗಳ ಒಣಬೇಸಾಯ. ಇಲ್ಲಿ ಕಿಸಾನನೆಂದರೆ ಹೊಲವುಳ್ಳ ಒಕ್ಕಲು. ಮಜ್ದೂರನೆಂದರೆ ಅದೇ ಒಕ್ಕಲಿನ ಹೊಲದಲ್ಲಿ ಕೂಲಿ ಮಾಡುವವನು, ಅಥವಾ ಸಾಲಕ್ಕಾಗಿ ಅವನ ಮನೆಯಲ್ಲಿ ಜೀತಕ್ಕೆ ನಿಂತವನು. ಮೊದಲನೆಯವನು ಮಳೆಗೂ ಸಾಹುಕಾರನಿಗೂ ಅಂಜುವವನು. ಎರಡನೆಯವನು ಇವೆರಡರ ಜೊತೆಗೆ ಮೊದಲನೆಯವನಿಗೂ ಅಂಜಬೇಕಾದವನು. ಒಬ್ಬನ ಖರ್ಚೇ ಇನ್ನೊಬ್ಬನ ಕೂಲಿ. ಇಂಥ ಇಬ್ಬರನ್ನು ಒಂದೇ ಸಮಾಸದಲ್ಲಿ ಸೇರಿಸಿದ ಮಾತ್ರಕ್ಕೆ ಅವರ ಹಿತಗಳು ಸೇರುವುದಿಲ್ಲ. ವರ್ಗಸಂಘರ್ಷಕ್ಕಿಂತ ಗಾಂಧೀಮಾರ್ಗದ ಸಾಮರಸ್ಯವನ್ನು ನೆಚ್ಚಿದ ನಾಯಕರಿಗೆ ಈ ಬಿರುಕು ಮುಖ್ಯವೆನಿಸಲಿಲ್ಲ. ಗುಂಡ್ಲುಪೇಟೆಯ ಮತದಾರರಾದರೋ 1957ರಲ್ಲಿ ಪಕ್ಷೇತರರಾದ ಕೆ. ಎಸ್. ನಾಗರತ್ನಮ್ಮನವರನ್ನು ಆರಿಸಿದರು. ಪಕ್ಷದ ಹೆಸರಿಗಿಂತ ಪರಿಚಿತ ವ್ಯಕ್ತಿಯಲ್ಲಿ ಅವರು ಹೆಚ್ಚು ನಂಬಿಕೆಯಿಟ್ಟರೆಂದು ನಾವು ಇದರಿಂದ ಊಹಿಸಬಹುದು.

ಸಣ್ಣ ಪಕ್ಷವೆಂದರೆ ನಿಷ್ಫಲವೆಂದು ಭಾವಿಸಬೇಕಾಗಿಲ್ಲ. ನಾರ್ವೆ ದೇಶದಲ್ಲಿ ಯೋಹಾನ್ ಕಾಸ್ಟ್‌ಬರ್ಗ್ ಎಂಬವರು 1906ರಲ್ಲಿ ಸಣ್ಣ ಹಿಡುವಳಿದಾರರ ಹಾಗೂ ಗ್ರಾಮೀಣ ಕೆಲಸಗಾರರ ಬೆಂಬಲದಿಂದ ‘ಶ್ರಮಿಕ ಪ್ರಜಾಸತ್ತಾವಾದಿಗಳು’ ಎಂಬ ಪಕ್ಷವನ್ನು ಕಟ್ಟಿದರು. ಅದು ಎಂದೂ ದೊಡ್ಡದಾಗಲಿಲ್ಲ. ಆದರೂ ವಿವಾಹಬಾಹ್ಯ ಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಹಕ್ಕು ಕೊಟ್ಟ 1915ರ ಶಾಸನಗಳು ಇಂದಿಗೂ ಕಾಸ್ಟ್‌ಬರ್ಗರ ಹೆಸರಿನಿಂದ ಪ್ರಸಿದ್ಧವಾಗಿವೆ. ಆ ಪಕ್ಷಕ್ಕೆ ಕೈಯಲ್ಲಿ ಹಿಡಿದು ತೋರಿಸಬಹುದಾದ ಒಂದು ಕೆಲಸವಿತ್ತು. ನಮ್ಮ ಪಕ್ಷಕ್ಕೆ ಅಂಥ ಕೆಲಸವೊಂದನ್ನು ಆರಿಸಿಕೊಳ್ಳುವಷ್ಟು ಆಯುಸ್ಸೂ ಇರಲಿಲ್ಲ.

ಮುಂದಿನ ಚರಿತ್ರೆ ನಮ್ಮ ವಾದಕ್ಕೆ ಪೋಷಕವಾಗಿದೆ. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆಯು ಗೇಣಿದಾರನನ್ನು ಹೊಲದ ಒಡೆಯನನ್ನಾಗಿ ಮಾಡಿತು. ಗೇಣಿಯೂ ಇಲ್ಲದ ಕೂಲಿಗೆ ಅದರಿಂದ ದಕ್ಕಿದ್ದು ಅತ್ಯಲ್ಪ. ಜೀತವನ್ನು ರದ್ದುಗೊಳಿಸುವ ಕೇಂದ್ರ ಶಾಸನ 1976ರಲ್ಲಿ ಬಂದಿತು. ಭೂಹೀನರ ದನಿಯನ್ನು 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಎತ್ತಿತು. ಬೆಳೆಯ ಬೆಲೆ, ಸಾಲಗಳ ಪ್ರಶ್ನೆಯನ್ನು 1980ರಲ್ಲಿ ಹುಟ್ಟಿದ ರಾಜ್ಯ ರೈತ ಸಂಘ ಎತ್ತಿತು. ಅದರ ನೇತಾರರಾಗಿದ್ದ ಎಂ. ಡಿ. ನಂಜುಂಡಸ್ವಾಮಿಯವರ ಆಶಯದಂತೆ ಬೆಳೆದ ‘ಅಮೃತಭೂಮಿ’ ಚಾಮರಾಜನಗರ ತಾಲ್ಲೂಕಿನಲ್ಲೇ ಇದೆ. 1951ರಲ್ಲಿ ಒಂದೇ ಹೆಸರಿನೊಳಗೆ ಅಡಗಿದ್ದ ಎರಡು ಪದಗಳು ಹೀಗೆ ಎರಡು ಚಳವಳಿಗಳಾಗಿ ಒಡೆದುಕೊಂಡವು. ಒಡೆದದ್ದರಿಂದಲೇ ಕೂಲಿಯವನ ಮಾತು ಕೇಳಿಸುವಂತಾಯಿತೆಂಬುದನ್ನು ಮರೆಯಲಾಗದು.

ಆದುದರಿಂದ ಕಿಸಾನ್ ಮಜ್ದೂರ್ ಪ್ರಜಾ ಪಕ್ಷವನ್ನು ಸೋತ ಪಕ್ಷವೆಂದು ಬದಿಗಿಡುವುದು ಸರಿಯಲ್ಲ. ಹೊಲವುಳ್ಳವನೂ ಇಲ್ಲದವನೂ ಒಂದೇ ಗುಡಿಸಲಿನ ಕೆಳಗೆ ಹೇಗೆ ನಿಲ್ಲಬೇಕೆಂಬ ಪ್ರಶ್ನೆಯನ್ನು ಅದು ಅರಿಯದೆಯೇ ನಮ್ಮ ಮುಂದಿಟ್ಟಿತು. ರೈತಸಂಘಟನೆಗಳನ್ನು ಕುರಿತು ಅಧ್ಯಯನ ಮಾಡುವ ವಿದ್ಯಾರ್ಥಿಗಳು ಬೆಳೆಯ ಬೆಲೆಯ ಬೇಡಿಕೆಯ ಪಕ್ಕದಲ್ಲಿ ಕೂಲಿಯ ದರವನ್ನೂ ಇಟ್ಟು ನೋಡಬೇಕು. ಎರಡನ್ನೂ ಒಟ್ಟಿಗೆ ಹೇಳಬಲ್ಲ ಸಂಘಟನೆಗೆ ಮಾತ್ರ ಆ ಹಳೆಯ ಹೆಸರು ಸಲ್ಲುತ್ತದೆ.