ಹಕಲ್‌ಬೆರಿ ಫಿನ್ ಮತ್ತು ಅವನ ಓದುಗರು

ಮಾರ್ಕ್ ಟ್ವೇನನ 'ಹಕಲ್‌ಬೆರಿ ಫಿನ್ನನ ಸಾಹಸಗಳು' ಎಂಬ ಕಾದಂಬರಿಯನ್ನು ನಾವು ಕೆಲವು ಮಂದಿ ಅಧ್ಯಾಪಕ ಮಿತ್ರರು ಕೂಡಿ ಓದಿದೆವು. ಓದಿ ಮುಗಿಸಿ ಒಬ್ಬೊಬ್ಬರ ಅಭಿಪ್ರಾಯವನ್ನು ಕೇಳಿದಾಗ, ಇಷ್ಟು ಪ್ರಸಿದ್ಧವಾದ ಕೃತಿಯ ವಿಷಯದಲ್ಲಿ ಇಷ್ಟೊಂದು ಭೇದವೇಳಬಹುದೆಂದು ನಾವು ಎಣಿಸಿರಲಿಲ್ಲ. ವಯಸ್ಸಿನಲ್ಲಿ ಹಿರಿಯರಾದ ಒಬ್ಬರು, ಸುಳ್ಳು ಹೇಳುವ, ಹೊಗೆ ಸೇದುವ, ಶಾಲೆಗೆ ಬೆನ್ನು ತೋರಿಸುವ ಹುಡುಗನನ್ನು ನಾಯಕನನ್ನಾಗಿ ಮಾಡಿದ ಗ್ರಂಥವನ್ನು ಮಕ್ಕಳ ಕೈಗೆ ಕೊಡುವುದೆಂತು ಎಂದರು. ಇನ್ನೊಬ್ಬರು, ಮೊದಲ ಮೂವತ್ತೊಂದು ಅಧ್ಯಾಯಗಳಿಗೆ ಕೈಮುಗಿಯುತ್ತೇನೆ, ಕೊನೆಯ ಹನ್ನೆರಡನ್ನು ಹರಿದು ಹಾಕಬೇಕು ಎಂದರು. ಪ್ರಾಥಮಿಕ ಶಾಲೆಯ ಅಧ್ಯಾಪಿಕೆಯೊಬ್ಬರು ಬಹಳ ಹೊತ್ತು ಸುಮ್ಮನಿದ್ದು ಒಂದೇ ಒಂದು ಪ್ರಶ್ನೆಯನ್ನು ಕೇಳಿದರು. ಅದನ್ನು ಅದರ ಸ್ಥಾನದಲ್ಲಿಯೇ ಹೇಳುತ್ತೇವೆ.

ಈ ಅಭಿಪ್ರಾಯಗಳಾವುವೂ ಹೊಸತಲ್ಲವೆಂಬುದು ಆಮೇಲೆ ವಿಚಾರಿಸಿದಾಗ ತಿಳಿಯಿತು. ಅಮೇರಿಕದ ಓದುಗರು ನೂರನಲವತ್ತು ವರ್ಷಗಳಿಂದ ಇದೇ ಮಾತುಗಳನ್ನಾಡಿಕೊಂಡು ಬಂದಿದ್ದಾರೆ. ಆದರೆ ಆ ಜಗಳವು ನಿಂತಲ್ಲಿಯೇ ನಿಂತಿಲ್ಲ. ಅದು ಮೊದಲು ಹಕ್ಕನ ಸುತ್ತ ನಡೆಯಿತು. ಬಹು ಕಾಲದ ಮೇಲೆ ಜಿಮ್ಮನ ಕಡೆಗೆ ತಿರುಗಿತು. ಈ ತಿರುವಿಗೆ ಕಾರಣವೇನೆಂಬುದನ್ನು ನೋಡುವುದೇ ಈ ಬರೆಹದ ಉದ್ದೇಶ.

ಕಾದಂಬರಿಯನ್ನು ಓದದವರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಅಂತರ್ಯುದ್ಧಕ್ಕೆ ಮುಂಚಿನ ಮಿಸ್ಸೂರಿ ಸೀಮೆ. ಅಲ್ಲಿ ಗುಲಾಮಗಿರಿ ನ್ಯಾಯಸಮ್ಮತವಾಗಿದ್ದ ಕಾಲ. ಕುಡುಕ ತಂದೆಯ ಹೊಡೆತದಿಂದ ತಪ್ಪಿಸಿಕೊಂಡ ಹಕ್ ಎಂಬ ಹುಡುಗ, ತನ್ನನ್ನು ಎಂಟುನೂರು ಡಾಲರಿಗೆ ದಕ್ಷಿಣಕ್ಕೆ ಮಾರಿಬಿಡುತ್ತಾರೆಂದು ಕೇಳಿ ಓಡಿಬಂದ ಜಿಮ್ ಎಂಬ ಗುಲಾಮ, ಇಬ್ಬರೂ ಒಂದು ತೆಪ್ಪವನ್ನೇರಿ ಮಿಸ್ಸಿಸಿಪ್ಪಿ ನದಿಯಲ್ಲಿ ಇಳಿದು ಹೋಗುತ್ತಾರೆ. ಬಿಡುಗಡೆಯ ದಾರಿಗೆ ತಿರುಗಬೇಕಾದ ಊರು ಮಂಜಿನಲ್ಲಿ ತಪ್ಪಿಹೋಗುತ್ತದೆ. ಹೀಗೆ ಓಡಿಬಂದ ಗುಲಾಮನು ಗುಲಾಮರ ನಾಡಿನ ಒಳಹೊಟ್ಟೆಗೇ ಸಾಗುತ್ತಾನೆ. ಟ್ವೇನನು ಇದನ್ನು 1876ರಲ್ಲಿ ಆರಂಭಿಸಿ, ನಡುವೆ ಬಿಟ್ಟು, ಮತ್ತೆ ಹಿಡಿದು, 1883ರಲ್ಲಿ ಮುಗಿಸಿದನು. ಇಂಗ್ಲೆಂಡಿನಲ್ಲಿ 1884ರ ಡಿಸೆಂಬರಿನಲ್ಲಿಯೂ ಅಮೇರಿಕದಲ್ಲಿ 1885ರ ಫೆಬ್ರವರಿಯಲ್ಲಿಯೂ ಪ್ರಕಟವಾಯಿತು.

ತಿಂಗಳು ಕಳೆಯುವುದರೊಳಗೆ ಮೆಸಾಚೂಸೆಟ್ಸಿನ ಕಾಂಕರ್ಡ್ ಊರಿನ ಸಾರ್ವಜನಿಕ ಗ್ರಂಥಾಲಯದ ಸಮಿತಿಯು ಈ ಪುಸ್ತಕವನ್ನು ಹೊರಗೆ ಹಾಕಿತು. ಎಮರ್ಸನ್, ಥೋರೋರಂಥ ವಿಚಾರವಂತರು ಬಾಳಿದ ಊರು ಅದು! ಗ್ರಂಥ ಒರಟು, ಭಾಷೆ ಅಸಭ್ಯ, ಮರ್ಯಾದಸ್ಥರು ಓದತಕ್ಕದ್ದಲ್ಲ ಎಂಬುದು ಸಮಿತಿಯ ಅಭಿಪ್ರಾಯ. ಟ್ವೇನನು ಕೋಪಗೊಳ್ಳಲಿಲ್ಲ, ಇದರಿಂದ ಇಪ್ಪತ್ತೈದು ಸಾವಿರ ಪ್ರತಿಗಳು ಹೆಚ್ಚಾಗಿ ಮಾರಾಟವಾಗುವುವೆಂದು ತನ್ನ ಪ್ರಕಾಶಕನಿಗೆ ಬರೆದು ಸಂತೋಷಪಟ್ಟನು. ಇಪ್ಪತ್ತು ವರ್ಷಗಳ ತರುವಾಯ, 1905ರಲ್ಲಿ, ಬ್ರೂಕ್ಲಿನ್ ಗ್ರಂಥಾಲಯದವರು ಮಕ್ಕಳ ಕೊಠಡಿಯಿಂದ ಇದನ್ನು ತೆಗೆದರು. ಹಕ್ಕನು ಮೈ ತುರಿಸಿಕೊಳ್ಳುತ್ತಾನೆ, ಸಭ್ಯವಾದ ಶಬ್ದವಿರುವಲ್ಲಿ ಹಳ್ಳಿಯವರ ಶಬ್ದವನ್ನಾಡುತ್ತಾನೆ ಎಂಬುದು ಆಗಿನ ಆಕ್ಷೇಪಗಳಲ್ಲೊಂದು. ನಮ್ಮ ಮಾತಿನಲ್ಲಿ ಹೇಳುವುದಾದರೆ, 'ಸ್ವೇದ' ಎನ್ನಬೇಕಾದಲ್ಲಿ ಅವನು 'ಬೆವರು' ಎಂದನು!

ನಗು ಬರುವ ಮಾತೇ ಸರಿ. ಆದರೆ ಅಧ್ಯಾಪಕರಾದ ನಾವು ಬಹಳ ಗಟ್ಟಿಯಾಗಿ ನಗುವಂತಿಲ್ಲ. ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಆಡಿ ಬಂದು ಗ್ರಂಥಸ್ಥ ಕನ್ನಡದಲ್ಲಿ ಪ್ರಬಂಧ ಬರೆಯುವ ಮಕ್ಕಳ ಪುಸ್ತಕಗಳಲ್ಲಿ ನಮ್ಮ ಕೆಂಪು ಶಾಯಿಯೂ ಎಷ್ಟೋ 'ಬೆವರು'ಗಳನ್ನು ಒರಸಿದೆ. ಟ್ವೇನನಾದರೋ ಏಳು ಬಗೆಯ ಆಡುಮಾತುಗಳನ್ನು ಶ್ರಮಪಟ್ಟು ಬಳಸಿದ್ದೇನೆಂದು ಗ್ರಂಥದ ಮೊದಲಿನಲ್ಲಿಯೇ ಸೂಚಿಸಿದ್ದಾನೆ. ಹೆಚ್ಚು ಓದು ಬಾರದ ಬಡ ಹುಡುಗನ ಬಾಯಿಂದ ಇಡೀ ಕಾದಂಬರಿಯನ್ನು ಹೇಳಿಸಿದುದು ಆ ಕಾಲಕ್ಕೆ ಸಣ್ಣ ಧೈರ್ಯವಲ್ಲ. ಆಧುನಿಕ ಅಮೇರಿಕನ್ ಸಾಹಿತ್ಯವೆಲ್ಲ ಈ ಒಂದು ಗ್ರಂಥದಿಂದಲೇ ಹೊರಟಿತೆಂದು ಹೆಮಿಂಗ್ವೇ 1935ರಲ್ಲಿ ಬರೆದುದಕ್ಕೆ ಮುಖ್ಯ ಕಾರಣ ಈ ಭಾಷೆಯೇ ಎಂದು ನಮಗೆ ತೋರುತ್ತದೆ.

ನಮ್ಮ ಹಿರಿಯ ಮಿತ್ರರ ಆಕ್ಷೇಪಕ್ಕೆ ಉತ್ತರವು ಹದಿನಾರನೆಯ ಅಧ್ಯಾಯದಲ್ಲಿದೆ. ಓಡಿಹೋದ ಗುಲಾಮರನ್ನು ಹುಡುಕುತ್ತ ಬಂದ ಇಬ್ಬರು ತೆಪ್ಪದಲ್ಲಿ ಯಾರಿದ್ದಾರೆಂದು ಕೇಳುತ್ತಾರೆ. ಹಕ್ಕನು ತನ್ನ ತಂದೆಗೆ ಮೈಲಿಬೇನೆಯಾಗಿದೆಯೆಂದು ತೋರುವಂತೆ ಮಾತನಾಡಿ ಅವರನ್ನು ದೂರವಿಡುತ್ತಾನೆ. ಸುಳ್ಳೇನೋ ನಿಜ, ಆದರೆ ಪುಸ್ತಕದಲ್ಲಿ ಅದಕ್ಕಿಂತ ಧರ್ಮಯುಕ್ತವಾದ ಮಾತು ಬೇರೊಂದಿಲ್ಲ. ಹಕ್ಕನಿಗೆ ಮಾತ್ರ ಅದು ಧರ್ಮವೆಂದು ಗೊತ್ತಿಲ್ಲ. ಊರು, ಶಾಲೆ, ದೇವಾಲಯ ಎಲ್ಲವೂ ಅವನಿಗೆ ಕಲಿಸಿದುದು ಗುಲಾಮನನ್ನು ಬಿಡಿಸುವುದು ಕಳ್ಳತನವೆಂದೇ. ಮೂವತ್ತೊಂದನೆಯ ಅಧ್ಯಾಯದಲ್ಲಿ ಜಿಮ್ಮನಿರುವ ಸ್ಥಳವನ್ನು ಒಡತಿಗೆ ತಿಳಿಸಲು ಕಾಗದ ಬರೆದು, ಮನಸ್ಸು ಹಗುರವಾಯಿತೆಂದುಕೊಂಡು, ಮತ್ತೆ ನದಿಯ ಮೇಲಿನ ಹಗಲಿರುಳುಗಳನ್ನೂ ಜಿಮ್ಮನ ಪ್ರೀತಿಯನ್ನೂ ನೆನೆದು, ನರಕಕ್ಕೆ ಹೋದರೂ ಸರಿಯೆಂದು ಆ ಕಾಗದವನ್ನು ಹರಿದುಹಾಕುವ ಸನ್ನಿವೇಶವನ್ನು ಓದಿದಾಗ ನಮ್ಮ ಗೋಷ್ಠಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ತಾನು ಪಾಪ ಮಾಡುತ್ತಿರುವೆನೆಂದು ಪೂರ್ಣವಾಗಿ ನಂಬಿಯೇ ಹುಡುಗನೊಬ್ಬನು ಪುಣ್ಯವನ್ನು ಮಾಡುತ್ತಾನೆ. ಹಿರಿಯ ಮಿತ್ರರು ತಮ್ಮ ಆಕ್ಷೇಪವನ್ನು ಹಿಂತೆಗೆದುಕೊಳ್ಳಲಿಲ್ಲ. ಆದರೆ ಮತ್ತೆ ಅದನ್ನೆತ್ತಲೂ ಇಲ್ಲ.

ಇದಾದ ಮೇಲೆ ಕೊನೆಯ ಹನ್ನೆರಡು ಅಧ್ಯಾಯಗಳು. ಇಲ್ಲಿ ಜಿಮ್ಮನು ಒಂದು ಹೊಲಮನೆಯ ಗುಡಿಸಿಲಿನಲ್ಲಿ ಸೆರೆಯಾಗಿದ್ದಾನೆ. ಟಾಮ್ ಸಾಯರನು ಬಂದು ಸೇರುತ್ತಾನೆ. ಬಾಗಿಲು ತೆರೆದು ಬಿಡಿಸಬಹುದಾದವನನ್ನು, ಕಥೆಪುಸ್ತಕಗಳಲ್ಲಿರುವಂತೆಯೇ ಬಿಡಿಸಬೇಕೆಂದು ಹಠ ಹಿಡಿದು, ಇಲಿ, ಜೇಡ, ಹಾವುಗಳನ್ನು ಗುಡಿಸಿಲಿನೊಳಗೆ ಬಿಡುತ್ತಾನೆ. ರಕ್ತದಿಂದ ಅಂಗಿಯ ಮೇಲೆ ಬರೆಯಿಸುತ್ತಾನೆ. ಬೀಸುವ ಕಲ್ಲೊಂದನ್ನು ಉರುಳಿಸಿ ತರಲು ಹುಡುಗರಿಗೆ ಶಕ್ತಿ ಸಾಲದೆ ಹೋದಾಗ, ಸೆರೆಯಲ್ಲಿದ್ದ ಜಿಮ್ಮನೇ ಹೊರಗೆ ಬಂದು ಕಲ್ಲನ್ನುರುಳಿಸಿ ಕೊಟ್ಟು, ಮರಳಿ ಸೆರೆಯೊಳಗೆ ಹೋಗಿ ಕುಳಿತುಕೊಳ್ಳುತ್ತಾನೆ! ಕಡೆಗೆ ತಿಳಿಯುವುದೇನೆಂದರೆ, ಒಡತಿ ಎರಡು ತಿಂಗಳ ಹಿಂದೆಯೇ ತೀರಿಕೊಂಡಿದ್ದಾಳೆ, ಉಯಿಲಿನಲ್ಲಿ ಜಿಮ್ಮನನ್ನು ಬಿಡುಗಡೆ ಮಾಡಿದ್ದಾಳೆ. ಮತ್ತು ಟಾಮನಿಗೆ ಇದು ಮೊದಲಿನಿಂದಲೂ ಗೊತ್ತಿತ್ತು.

ಜಿಮ್ಮನನ್ನು ಹುಡುಗರಿಂದ ಕಸಿದುಕೊಂಡಲ್ಲಿಗೇ ಓದುವುದನ್ನು ನಿಲ್ಲಿಸಬೇಕು, ಮುಂದಿನದು ಮೋಸ ಎಂದು ಹೆಮಿಂಗ್ವೇಯೇ ಹೇಳಿದ್ದನು. ಲಯೊನೆಲ್ ಟ್ರಿಲಿಂಗ್ 1948ರಲ್ಲಿಯೂ ಟಿ. ಎಸ್. ಎಲಿಯಟ್ 1950ರಲ್ಲಿಯೂ ಮುನ್ನುಡಿಗಳನ್ನು ಬರೆದು ಈ ಮುಕ್ತಾಯವನ್ನು ಸಮರ್ಥಿಸಿದರು: ಕಾದಂಬರಿಯು ಆರಂಭದ ಹುಡುಗಾಟಿಕೆಗೇ ಹಿಂದಿರುಗುವುದು ರೂಪದ ದೃಷ್ಟಿಯಿಂದ ಉಚಿತವೆಂಬುದು ಅವರ ವಾದದ ಸಾರ. ಲಿಯೋ ಮಾರ್ಕ್ಸ್ ಎಂಬ ವಿಮರ್ಶಕನು 1953ರಲ್ಲಿ ಈ ಇಬ್ಬರು ದೊಡ್ಡವರನ್ನೂ ಎದುರಿಸಿದನು. ರೂಪವು ದುಂಡಗಾಯಿತೆಂದ ಮಾತ್ರಕ್ಕೆ, ಬಿಡುಗಡೆಯನ್ನರಸಿ ಹೊರಟ ಪ್ರಯಾಣವನ್ನು ಪ್ರಹಸನವಾಗಿ ಮುಗಿಸಿದ ದೋಷ ಹೋಗುವುದಿಲ್ಲ ಎಂದನು. ನಮ್ಮ ಮತವೂ ಅದೇ. ನಮ್ಮ ಆಲಂಕಾರಿಕರ ಮಾತಿನಲ್ಲಿ ಇದು ಔಚಿತ್ಯಭಂಗ. ಕರುಣದಿಂದ ಹಾಸ್ಯಕ್ಕೆ ಹೋಗಬಾರದೆಂದಲ್ಲ. ಯಾರಿಗಾಗಿ ನಮ್ಮಲ್ಲಿ ಕರುಣೆ ಹುಟ್ಟಿತೋ ಅವನನ್ನೇ ಹಾಸ್ಯದ ಬೊಂಬೆಯನ್ನಾಗಿ ಮಾಡಬಾರದೆಂದು. ಅಂತರ್ಯುದ್ಧದ ತರುವಾಯ ಕಾಗದದ ಮೇಲೆ ಬಿಡುಗಡೆ ಹೊಂದಿದ ಜನರನ್ನು ಮತ್ತೆ ಕಟ್ಟಿಹಾಕಿದ ಚರಿತ್ರೆಯ ಅಣಕವೇ ಈ ಭಾಗವೆಂದು ಕೆಲವರು ಅರ್ಥ ಹೇಳುತ್ತಾರೆ. 1877ರಲ್ಲಿ ದಕ್ಷಿಣದಿಂದ ಸೇನೆಯನ್ನು ಹಿಂತೆಗೆದುಕೊಂಡದ್ದು ಟ್ವೇನನು ಈ ಗ್ರಂಥವನ್ನು ಬರೆಯುತ್ತಿದ್ದ ಕಾಲದಲ್ಲಿಯೇ. ಅರ್ಥ ಸೊಗಸಾಗಿದೆ. ಆದರೆ ಆ ಪುಟಗಳನ್ನು ಗಟ್ಟಿಯಾಗಿ ಓದಿ ನೋಡಿದರೆ, ನಗೆಯ ಭಾರವೆಲ್ಲ ಜಿಮ್ಮನ ಬೆನ್ನ ಮೇಲೆಯೇ ಬೀಳುತ್ತದೆಂಬುದನ್ನು ಮರೆಮಾಚುವಂತಿಲ್ಲ.

ಇಷ್ಟೆಲ್ಲ ವಾದಗಳಲ್ಲಿ ಒಂದು ವಿಶೇಷವನ್ನು ವಾಚಕರು ಗಮನಿಸಿರಬಹುದು. ಕಾಂಕರ್ಡಿನ ಸಮಿತಿಯವರಾಗಲಿ, ಬ್ರೂಕ್ಲಿನ್ನಿನ ಗ್ರಂಥಪಾಲಕರಾಗಲಿ, ಎಲಿಯಟ್ಟನಾಗಲಿ, ಜಿಮ್ಮನ ಕುಲದವರು ಈ ಗ್ರಂಥವನ್ನು ಹೇಗೆ ಓದಿಯಾರೆಂದು ಕೇಳಲಿಲ್ಲ. ಕೇಳಬೇಕಾದವರು ಆ ಕೊಠಡಿಗಳಲ್ಲಿ ಇರಲಿಲ್ಲ. 1957ರಲ್ಲಿ ನ್ಯೂಯಾರ್ಕ್ ನಗರದ ಶಿಕ್ಷಣ ಮಂಡಲಿಯು ಕೆಳತರಗತಿಗಳ ಪಠ್ಯಪಟ್ಟಿಯಿಂದ ಇದನ್ನು ಕೈಬಿಟ್ಟಾಗ, ಚರ್ಚೆಗೆ ಬಂದುದು ಹಕ್ಕನ ನಡತೆಯಲ್ಲ. ಕಪ್ಪು ಜನರನ್ನು ಹೀಯಾಳಿಸುವ ಒಂದು ಶಬ್ದ. ಆ ಶಬ್ದವನ್ನು ನಾವಿಲ್ಲಿ ಬರೆಯುವುದಿಲ್ಲ. ಗ್ರಂಥದಲ್ಲಿ ಅದು 219 ಸಲ ಬರುತ್ತದೆಯೆಂದು ಎಣಿಸಿದ್ದಾರೆ. 1982ರಲ್ಲಿ ವರ್ಜೀನಿಯದ ಒಂದು ಶಾಲೆಯಲ್ಲಿ ಕಪ್ಪು ಜನಾಂಗದ ಅಧಿಕಾರಿಯೊಬ್ಬರೇ ಈ ಪುಸ್ತಕವನ್ನು ತೆಗೆಯಬೇಕೆಂದು ಹೋರಾಡಿದರು. ಆ ಶಾಲೆಯ ಹೆಸರೇ ಮಾರ್ಕ್ ಟ್ವೇನ್ ಶಾಲೆ! 2011ರಲ್ಲಿ ಅಲಬಾಮದ ಪ್ರಕಾಶನ ಸಂಸ್ಥೆಯೊಂದು ಆ ಶಬ್ದವಿದ್ದಲ್ಲೆಲ್ಲ 'ಗುಲಾಮ' ಎಂದು ಬದಲಿಸಿ ಹೊಸ ಮುದ್ರಣವನ್ನು ಹೊರತಂದಿತು. ಟ್ವೇನನ ವಿದ್ವಾಂಸನಾದ ಅಲನ್ ಗ್ರಿಬೆನ್ ಎಂಬವನು ಅದರ ಸಂಪಾದಕ.

ಶಬ್ದವನ್ನು ಬದಲಿಸುವುದನ್ನು ನಾವು ಒಪ್ಪಲಾರೆವು. ಸ್ಟೀಮರಿನ ಯಂತ್ರವೊಡೆದು ಯಾರಿಗಾದರೂ ಪೆಟ್ಟಾಯಿತೇ ಎಂದು ಸ್ಯಾಲಿ ಅತ್ತೆ ಕೇಳಿದಾಗ, ಇಲ್ಲ, ಒಬ್ಬ ಕಪ್ಪು ಮನುಷ್ಯ ಸತ್ತ ಎನ್ನುತ್ತಾನೆ ಹಕ್. ಪುಣ್ಯ, ಕೆಲವು ಸಲ ಮನುಷ್ಯರಿಗೂ ಪೆಟ್ಟಾಗುವುದುಂಟು ಎಂಬರ್ಥದ ಸಮಾಧಾನವನ್ನು ಆ ದಯಾಳುವಾದ ಹೆಂಗಸು ಹೇಳುತ್ತಾಳೆ. ಜಿಮ್ಮನಿಗಾಗಿ ನರಕಕ್ಕೆ ಹೋಗಲೊಪ್ಪಿದ ಮರು ಅಧ್ಯಾಯದಲ್ಲಿಯೇ ಹಕ್ಕನು ಹೀಗೆ ಮಾತನಾಡುತ್ತಾನೆ! ಇಲ್ಲಿ ಹೀನ ಶಬ್ದವನ್ನು ತೆಗೆದರೆ ಟ್ವೇನನ ಚಾಟಿಯ ತುದಿಯನ್ನು ಕತ್ತರಿಸಿದಂತಾಗುತ್ತದೆ. ಆದರೂ ತೆಗೆಯಬೇಕೆಂದವರ ನೋವನ್ನು ಮೌಢ್ಯವೆಂದು ತಳ್ಳಿಹಾಕಲಾರೆವು. ನಮ್ಮ ಹಳೆಯ ಗಾದೆಗಳಲ್ಲಿಯೂ ಜಾತಿಯ ಹೆಸರನ್ನು ಹಿಡಿದು ಹಂಗಿಸುವ ಮಾತುಗಳಿಲ್ಲವೆ? ಅಂಥದೊಂದನ್ನು ತರಗತಿಯಲ್ಲಿ ಓದಿದಾಗ ಉಳಿದ ಮಕ್ಕಳು ನಕ್ಕು, ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ಪುಸ್ತಕದಿಂದ ತಲೆಯೆತ್ತದೆ ಕುಳಿತುದನ್ನು ನಮ್ಮಲ್ಲೊಬ್ಬರು ಕಂಡಿದ್ದಾರೆ. ಅಂದು ಪಾಠವನ್ನು ಮುಂದುವರಿಸಿದುದಕ್ಕಾಗಿ ಅವರು ಈಗಲೂ ನೊಂದುಕೊಳ್ಳುತ್ತಾರೆ.

ಆದುದರಿಂದಲೇ ಈ ವಿಷಯದಲ್ಲಿ ಕಪ್ಪು ಜನಾಂಗದ ಲೇಖಕರ ಮಾತಿಗೆ ನಾವು ಹೆಚ್ಚಿನ ಬೆಲೆ ಕೊಡುತ್ತೇವೆ. ರಾಲ್ಫ್ ಎಲಿಸನ್ 1958ರ ಪ್ರಬಂಧವೊಂದರಲ್ಲಿ, ಟ್ವೇನನು ಜಿಮ್ಮನಿಗೆ ಅಂದಿನ ನಗೆನಾಟಕಗಳ ಮುಖವಾಡವನ್ನೇ ತೊಡಿಸಿದನೆಂದೂ, ಜಿಮ್ಮನ ಘನತೆ ಕಾಣಿಸುವುದು ಆ ಮುಖವಾಡದ ಹಿಂದಿನಿಂದಲೇ ಎಂದೂ ಹೇಳಿದನು. ಗ್ರಂಥದ ಗುಣವನ್ನೂ ದೋಷವನ್ನೂ ಒಂದೇ ಮಾತಿನಲ್ಲಿ ಹಿಡಿದ ಇಂಥ ವಿಮರ್ಶೆ ಬೇರೆ ನಮಗೆ ದೊರೆತಿಲ್ಲ. ಟೋನಿ ಮಾರಿಸನ್ 1996ರ ತಮ್ಮ ಮುನ್ನುಡಿಯಲ್ಲಿ, ಎಳೆತನದಲ್ಲಿ ಈ ಪುಸ್ತಕವನ್ನು ಓದಿ ತಮಗೆ ಭಯವಾಯಿತೆಂದೂ, ಶಾಲೆಯಲ್ಲಿ ಅಧ್ಯಾಪಕರ ಜೊತೆ ಮತ್ತೆ ಓದಿದಾಗಲೂ ಸಮಾಧಾನ ದೊರೆಯಲಿಲ್ಲವೆಂದೂ ನೆನೆದಿದ್ದಾರೆ. ಆದರೂ ಪುಸ್ತಕವನ್ನು ತೆಗೆದುಹಾಕುವುದು ದೊಡ್ಡವರ ನೆಮ್ಮದಿಗಾಗಿಯೇ ಹೊರತು ಮಕ್ಕಳ ಶಿಕ್ಷಣಕ್ಕಾಗಿ ಅಲ್ಲವೆಂಬುದು ಅವರ ನಿಲುವು. ಅಧ್ಯಾಪಕರ ಜೊತೆಯಲ್ಲಿಯೂ ಸಮಾಧಾನ ದೊರೆಯಲಿಲ್ಲವೆಂಬ ಆ ಮಾತು ನಮಗೆ ಮುಳ್ಳಿನಂತೆ ನೆಟ್ಟಿದೆ.

ಈಗ ಅಧ್ಯಾಪಿಕೆಯವರ ಪ್ರಶ್ನೆ. ಹದಿನಾರನೆಯ ಅಧ್ಯಾಯದಲ್ಲಿ ಜಿಮ್ಮನು, ಬಿಡುಗಡೆಯಾದ ಕೂಡಲೆ ದುಡಿದು ಹಣ ಕೂಡಿಟ್ಟು ಹೆಂಡತಿಯನ್ನು ಕೊಳ್ಳುತ್ತೇನೆ, ಆಮೇಲೆ ಇಬ್ಬರೂ ದುಡಿದು ಮಕ್ಕಳಿಬ್ಬರನ್ನೂ ಕೊಳ್ಳುತ್ತೇವೆ ಎನ್ನುತ್ತಾನೆ. ಇಪ್ಪತ್ತಮೂರನೆಯದರಲ್ಲಿ, ಜ್ವರದಿಂದ ಕಿವಿ ಹೋದುದು ತಿಳಿಯದೆ ಮಾತು ಕೇಳಲಿಲ್ಲವೆಂದು ತಾನು ಹೊಡೆದ ಪುಟ್ಟ ಮಗಳನ್ನು ನೆನೆದು ಅಳುತ್ತಾನೆ. "ಹಾಗಾದರೆ ಕೊನೆಗೆ ಆ ಹೆಂಡತಿ ಮಕ್ಕಳ ಗತಿ ಏನಾಯಿತು?" ಎಂದು ಅವರು ಕೇಳಿದರು. ನಾವು ಕೊನೆಯ ಅಧ್ಯಾಯವನ್ನು ತೆರೆದು ಮತ್ತೆ ನೋಡಿದೆವು. ಅವರ ಬಗ್ಗೆ ಒಂದು ಮಾತೂ ಇಲ್ಲ. ಸೆರೆಯಾಳಾಗಿ ತಾಳ್ಮೆಯಿಂದ ನಟಿಸಿಕೊಟ್ಟುದಕ್ಕಾಗಿ ಟಾಮನು ಜಿಮ್ಮನಿಗೆ ನಲವತ್ತು ಡಾಲರು ಕೊಡುತ್ತಾನೆ; ಜಿಮ್ಮನು ಹಿಗ್ಗುತ್ತಾನೆ. ಗುಲಾಮರನ್ನು ಹುಡುಕುವವರು ಮೈಲಿಬೇನೆಗೆ ಹೆದರಿ ಹಕ್ಕನಿಗೆ ಕೊಟ್ಟು ಹೋದದ್ದೂ ನಲವತ್ತು ಡಾಲರು. ವಂಚಕ 'ರಾಜ'ನು ಜಿಮ್ಮನನ್ನು ಹಿಡಿದುಕೊಟ್ಟು ಪಡೆದದ್ದೂ ನಲವತ್ತೇ. ಇದನ್ನು ಟ್ವೇನನು ತಿಳಿದು ಮಾಡಿದನೋ ತಿಳಿಯದೆಯೋ, ನಾವು ನಿರ್ಣಯಿಸಲಾರೆವು.

ಪರ್ಸಿವಲ್ ಎವರೆಟ್ ಎಂಬ ಕಪ್ಪು ಜನಾಂಗದ ಕಾದಂಬರಿಕಾರನು 2024ರಲ್ಲಿ 'ಜೇಮ್ಸ್' ಎಂಬ ಕೃತಿಯನ್ನು ಪ್ರಕಟಿಸಿದನು. 2025ರಲ್ಲಿ ಅದಕ್ಕೆ ಪುಲಿಟ್ಜರ್ ಪಾರಿತೋಷಕವೂ ಬಂದಿತು. ಅದರಲ್ಲಿ ಕಥೆ ಹೇಳುವವನು ಜಿಮ್ಮನೇ. ಗುಲಾಮರು ತಮ್ಮತಮ್ಮಲ್ಲಿ ಶುದ್ಧವಾದ ಇಂಗ್ಲಿಷನ್ನಾಡಿ, ಬಿಳಿಯರು ಬಂದೊಡನೆ ಒರಟು ಮಾತಿನ ಮುಖವಾಡವನ್ನು ತೊಡುತ್ತಾರೆ. ಆ ಮಾತನ್ನು ಮಕ್ಕಳಿಗೆ ಪಾಠದಂತೆ ಕಲಿಸುತ್ತಾರೆ ಕೂಡ. ಆ ಜಿಮ್ಮನು ಟಾಮನ ಆಟಕ್ಕಾಗಿ ಕಾದು ಕುಳಿತುಕೊಳ್ಳುವುದಿಲ್ಲ. ಹೆಂಡತಿಯನ್ನೂ ಮಗಳನ್ನೂ ಹುಡುಕಿಕೊಂಡು ಹೋಗುತ್ತಾನೆ. ಪುಸ್ತಕವನ್ನು ತರಿಸಿ ಮೊದಲು ಆ ಅಧ್ಯಾಪಿಕೆಯವರಿಗೇ ಕೊಟ್ಟಿದ್ದೇವೆ.